ಸಾಕು

ಫಾರಮ್ಮಿನ ಒಂಬತ್ತನೇ ಪುಟದಲ್ಲಿ ಒಂದು ಪಟ್ಟಿ.
ಪ್ರತಿ ಸಾಲಿಗೂ ಮೂರು ಚೌಕ:
ಒಪ್ಪುವೆ, ಒಪ್ಪಲಾರೆ, ಮಾತಾಡೋಣ.
ಕಣ್ಣು ಕಾಣದ ಮಗು. ಕಿವಿ ಕೇಳದ ಮಗು.
ತಾಯಿಯ ಕುಡಿತಕ್ಕೆ ಗರ್ಭದಲ್ಲೇ ತೊಯ್ದ ಮಗು.
ಮುಂದೇನಾಗುವುದೋ ಯಾರಿಗೂ ತಿಳಿಯದ ಮಗು.
ಸಂತೆಯಲ್ಲಿ ಬದನೆಕಾಯಿ ತಿರುವಿ ನೋಡುವವಳ ಹಾಗೆ
ಪೆನ್ನು ಹಿಡಿದು ಕೂತಿದ್ದೆ
ಗ್ರಿಮ್ಸ್‌ಬಿಯ ಬಾಡಿಗೆ ಮನೆಯ ಅಡುಗೆಕೋಣೆಯಲ್ಲಿ.
ಹೊರಗೆ ಮೀನು ಕಾರ್ಖಾನೆಯ ಎರಡನೇ ಪಾಳಿ ಬಿಡುತ್ತಿತ್ತು.
ಮೂರು ಕಡೆ ಒಪ್ಪಲಾರೆ ಎಂದು ಗುರುತು ಹಾಕಿದೆ.
ಆ ಮೂರು ಮಕ್ಕಳು ಯಾರೋ, ಈಗಲೂ
ಒಮ್ಮೊಮ್ಮೆ ಬಸ್ಸಿನಲ್ಲಿ ನನ್ನೆದುರು ಬಂದು ಕೂರುತ್ತಾರೆ.

ಬಾಯಿಂದ ಉಣ್ಣಲಾರದ ಮಗು:
ಈ ಸಾಲು ಪಟ್ಟಿಯಲ್ಲಿ ಇರಲೇ ಇಲ್ಲ.

ಎಲ್ಸಿ-ಮೇ, ಎರಡು ವರ್ಷ ಏಳು ತಿಂಗಳು.
ನುಂಗಿದ್ದೆಲ್ಲ ಶ್ವಾಸಕ್ಕೆ ಇಳಿಯುತ್ತದೆ.
ಹೊಕ್ಕುಳಿನಿಂದ ಮೂರು ಬೆರಳು ಮೇಲೆ, ಎಡಕ್ಕೆ,
ಅಂಗಿಯ ಗುಂಡಿಯಂಥದೇ ಒಂದು ಬಿಳಿ ಗುಂಡಿ.
ಬಲಗಾಲು ಎಳೆಯುತ್ತಾಳೆ. ನಗುವುದು ತಡ,
ನಕ್ಕರೆ ನಿಲ್ಲಿಸುವುದೂ ತಡ.

ಸಮಿತಿಯಲ್ಲಿ ಏಳು ಜನ. ನೀರಿನ ಜಗ್ಗು, ಬಿಸ್ಕತ್ತು.
‘ನೀವು ಒಬ್ಬರೇ’ ಎಂದರು. ಹೌದು ಎಂದೆ.
‘ನಿಮಗೆ ನಲವತ್ತಾರು.’ ಅದೂ ಹೌದು.
‘ಡಯಾಲಿಸಿಸ್ ನರ್ಸು. ನಳಿಗೆಗಳು ನಿಮಗೆ ರೂಢಿ.
ಅದಕ್ಕೇನು, ಈ ಮಗುವೇ ಬೇಕೆನಿಸಿದ್ದು?’
ದಪ್ಪ ಕನ್ನಡಕದ ಮುದುಕ ಕೇಳಿದ್ದರಲ್ಲಿ ತಪ್ಪೇನಿರಲಿಲ್ಲ.
ಏನೋ ಉತ್ತರ ಕೊಟ್ಟೆ. ನಿಜ ಹೇಳಲಿಲ್ಲ:
ಫೋಟೋದಲ್ಲಿ ಅವಳು ಕ್ಯಾಮೆರಾ ನೋಡುತ್ತಿರಲಿಲ್ಲ,
ಪಕ್ಕದಲ್ಲಿ ಯಾರೋ ತಿನ್ನುತ್ತಿದ್ದುದನ್ನು ನೋಡುತ್ತಿದ್ದಳು.

ಅಲ್ಲಿಯವರೆಗೆ ಸಾಕಿದ್ದ ಡೋರೀನಳ ಮನೆಗೆ,
ಕ್ಲೀಥಾರ್ಪ್ಸ್‌ಗೆ, ಹತ್ತು ದಿನ ಹೋಗಿ ಬಂದೆ.
ಅಲ್ಲಿ ಸಮುದ್ರ ಬಲು ದೂರ ಹಿಂದೆ ಸರಿದು
ದಡವನ್ನು ಮರೆತೇಬಿಟ್ಟಂತಿದ್ದು, ಮತ್ತೆ ಬರುತ್ತದೆ.
‘ಸಿರಿಂಜು ಎತ್ತಿ ಹಿಡಿ, ಒತ್ತಬೇಡ,
ಹಾಲು ತಾನೇ ಇಳಿಯುತ್ತೆ’ ಎಂದಳು.
ಇಪ್ಪತ್ತು ವರ್ಷ ಊರವರ ನೆತ್ತರು ತೊಳೆದ ಕೈ
ಅರವತ್ತು ಎಂ.ಎಲ್. ಹಾಲಿಗೆ ನಡುಗಿತು.
ಕೊನೆಯ ದಿನ ಒಗೆಯದ ಹೊದಿಕೆಯೊಂದನ್ನು ಕೊಟ್ಟು
‘ನನ್ನ ಮನೆ ವಾಸನೆ ಹೋಗೋವರೆಗೂ ಒಗೀಬೇಡ’ ಎಂದಳು.
ಕಾರಿನ ಕಿಟಕಿಗೆ ಬಗ್ಗಲೇ ಇಲ್ಲ.
ಒಳಗೆ ಹೋಗಿ ಟಿವಿ ಜೋರು ಮಾಡಿದಳು.

ಸಿಂಧನೂರಿನಿಂದ ಅಕ್ಕ, ಫೋನಿನಲ್ಲಿ:
‘ಒಂದು ತುತ್ತು ಬಾಯಾಗ ಇಡಾಕ ಬರಂಗಿಲ್ಲಂದ್ರ
ಅದೆಂಥ ತಾಯ್ತನ ಆತು?’
ಆಮೇಲೆ ದನಿ ತಗ್ಗಿಸಿ,
‘ಮಂದಿಗೆ ಏನಂತ ಹೇಳ್ಲಿ? ಸಾಕುಮಗಳು ಅಂತ್ಲೇನು?’
ಹೇಳು ಎಂದೆ.
ಸಾಕುನಾಯಿ, ಸಾಕುಕೋಳಿ, ಸಾಕುಮಗಳು.
ಆ ಮಾತು ಎರಡು ದಿನ ಗಂಟಲಲ್ಲೇ ಕೂತಿತು,
ಉಗುಳಲೂ ಆಗದೆ, ನುಂಗಲೂ ಆಗದೆ.
ಅವಳ ಕಷ್ಟ ಆಗ ಒಂದಿಷ್ಟು ತಿಳಿಯಿತು.

ರಾತ್ರಿಯಿಡೀ ಪಂಪು ಗುಂಯ್ಗುಡುತ್ತದೆ.
ಒಮ್ಮೆ ನಳಿಗೆ ಕಳಚಿ ಹಾಸಿಗೆ ತುಂಬ ಹಾಲು.
ಬೆಳಗಿನ ನಾಲ್ಕಕ್ಕೆ ನಾನು ಅತ್ತೆ, ಅವಳು ಅಳಲಿಲ್ಲ.
ಮೊದಮೊದಲು ನಾನು ರೊಟ್ಟಿ ತಿನ್ನುತ್ತಿದ್ದುದು
ಬಾತ್‌ರೂಮಿನ ಬಾಗಿಲು ಹಾಕಿಕೊಂಡು, ಕಳ್ಳಿಯ ಹಾಗೆ.
ಅವಳು ಬಂದು ಬಾಗಿಲು ಬಡಿದಳು.
ಈಗ ಎದುರಿಗೇ ಕೂತು ತಿನ್ನುತ್ತೇನೆ.
ಒಂದೊಂದು ತುತ್ತನ್ನೂ ಕಣ್ಣಲ್ಲೇ ಎಣಿಸುತ್ತಾಳೆ.

ಈ ಭಾನುವಾರ ಬಟ್ಟೆ ಮಡಚುತ್ತಿದ್ದೆ.
ಕಾಲೆಳೆಯುತ್ತ ಬಂದಳು,
ಒಂದು ಕೈಯಲ್ಲಿ ಹಳೆಯ ನಳಿಗೆಯ ತುದಿ,
ಇನ್ನೊಂದರಲ್ಲಿ ಖಾಲಿ ಸಿರಿಂಜು.
ನನ್ನ ಸ್ವೆಟರು ಎತ್ತಿ ಗುಂಡಿ ಹುಡುಕಿದಳು. ಸಿಗಲಿಲ್ಲ.
ಮುಖ ನೋಡಿದಳು,
ಪಾಪ, ಇವಳಿಗೇನೋ ಒಂದು ಕೊರತೆ ಎಂಬಂತೆ.
ಕಡೆಗೆ ಹೊಕ್ಕುಳಿಗೇ ತುದಿಯಿಟ್ಟು
ಸಿರಿಂಜನ್ನು ಎತ್ತಿ ಹಿಡಿದಳು. ಒತ್ತಲಿಲ್ಲ.
ಕಾದಳು, ತೋಳು ನಡುಗುವವರೆಗೂ.

ಸಾಕು ಎಂದೆ.
ಅಲ್ಲವೆಂದು ತಲೆಯಾಡಿಸಿ
ಇನ್ನೂ ಒಂದು ಗೇಣು ಮೇಲೆತ್ತಿದಳು.